ಇಲೇಷಾ ಮಿಷನ್ ಆಸ್ಪತ್ರೆಯ ಶಿಶುವೈದ್ಯವೂ ಬೆಳವಣಿಗೆಯ ಪಟದ ಹುಟ್ಟೂ

ಕನ್ನಡನಾಡಿನವರಿಗೆ ಕ್ರೈಸ್ತ ಮಿಷನ್ನುಗಳ ಪರಿಚಯವು ಹೆಚ್ಚಾಗಿ ಅಚ್ಚುಕೂಟ, ಪಾಠಶಾಲೆ, ನಿಘಂಟುಗಳ ಮೂಲಕ ಉಂಟಾದುದು. ೧೮೪೩ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವನ್ನೂ ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನೂ ಅರಿಯದ ಸಾಹಿತ್ಯಾಭ್ಯಾಸಿಗಳು ವಿರಳ. ಆ ಮಿಷನ್ನುಗಳ ವೈದ್ಯಕಾರ್ಯವು ಮಾತ್ರ ಅಷ್ಟಾಗಿ ವಿದ್ವಾಂಸರ ವಿಚಾರಕ್ಕೆ ಬಂದುದಲ್ಲ. ಆದರೂ ಅದರ ಒಂದು ಫಲವು ಇಂದು ಕರ್ಣಾಟಕದ ಹಳ್ಳಿಹಳ್ಳಿಗಳಲ್ಲಿಯೂ ಬಳಕೆಯಲ್ಲಿದೆ. ಅಂಗನವಾಡಿಗಳಲ್ಲಿ ಮಗುವನ್ನು ಕಾಲಕಾಲಕ್ಕೆ ತೂಗಿ, ಆ ತೂಕವನ್ನು ಗೆರೆಗಳಿರುವ ಒಂದು ಪಟದ ಮೇಲೆ ಗುರುತಿಸಿ, ಮಗು ಬೆಳೆಯುತ್ತಿದೆಯೆ ಇಲ್ಲವೆ ಎಂಬುದನ್ನು ತಾಯಿಗೆ ತೋರಿಸುವ ಪದ್ಧತಿಯೇ ಅದು. ಈ ಪದ್ಧತಿಯು ವ್ಯಾಪಕವಾದ ರೂಪವನ್ನು ತಳೆದುದು ಯಾವ ದೊಡ್ಡ ವಿಶ್ವವಿದ್ಯಾನಿಲಯದಲ್ಲಿಯೂ ಅಲ್ಲ. ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶದ ಇಲೇಷಾ ಎಂಬ ಊರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ, ೧೯೫೬ರಿಂದ ೧೯೬೧ರ ವರೆಗಿನ ಐದಾರು ವರ್ಷಗಳ ಅವಧಿಯಲ್ಲಿ. ಅದು ಹುಟ್ಟಿದ ಸಂದರ್ಭವೇನು, ಅದರ ಹಿಂದಿರುವ ಯುಕ್ತಿಯೇನು, ಅದರಿಂದ ಮಕ್ಕಳಿಗೆ ಆದ ಪ್ರಯೋಜನವೆಷ್ಟು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಪೂರ್ವವೃತ್ತಾಂತ

ಮಿಷನರಿಗಳಲ್ಲಿ ವೈದ್ಯರೆಂಬ ಪ್ರತ್ಯೇಕವಾದ ವರ್ಗವು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡಿತು. ಅಮೆರಿಕದ ಜಾನ್ ಸ್ಕಡರ್ ೧೮೧೯ರಲ್ಲಿ ಸಿಂಹಳಕ್ಕೆ ಹೊರಟರು. ಪೀಟರ್ ಪಾರ್ಕರ್ ೧೮೩೫ರಲ್ಲಿ ಚೀನದ ಕ್ಯಾಂಟನ್ ನಗರದಲ್ಲಿ ಕಣ್ಣಿನ ಆಸ್ಪತ್ರೆಯನ್ನು ತೆರೆದರು. ಕ್ಲಾರಾ ಸ್ವೇನ್ ೧೮೭೦ರಲ್ಲಿ ಬರೇಲಿಗೆ ಬಂದು ಹೆಂಗಸರಿಗೂ ಮಕ್ಕಳಿಗೂ ಚಿಕಿತ್ಸೆಯನ್ನು ಆರಂಭಿಸಿದರು. ಆಲ್ಬರ್ಟ್ ಕುಕ್ ೧೮೯೭ರಲ್ಲಿ ಉಗಾಂಡಾದ ಮೆಂಗೋ ಆಸ್ಪತ್ರೆಯನ್ನು ಸ್ಥಾಪಿಸಿದರು. ಜಾನ್ ಸ್ಕಡರರ ಮೊಮ್ಮಗಳಾದ ಇಡಾ ಸ್ಕಡರ್ ೧೯೦೦ರಲ್ಲಿ ವೆಲ್ಲೂರಿನಲ್ಲಿ ಕೆಲಸಕ್ಕೆ ತೊಡಗಿದರು. ಮೈಸೂರು ನಗರದಲ್ಲಿ ಜನರು ಇಂದಿಗೂ ‘ಮಿಷನ್ ಆಸ್ಪತ್ರೆ’ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು ೧೯೦೬ರಲ್ಲಿ ವೆಸ್ಲಿಯನ್ ಮಿಷನ್ನಿನಿಂದ ಸ್ಥಾಪಿತವಾಯಿತು. ಇಲೇಷಾದ ಆಸ್ಪತ್ರೆಯೂ ಇದೇ ವೆಸ್ಲಿಯನ್ ಪಂಗಡಕ್ಕೆ ಸೇರಿದುದು. ಆ ಪಂಗಡದ ತರುಣರ ಸಂಘವಾದ ‘ವೆಸ್ಲಿ ಗಿಲ್ಡ್’ ಅದಕ್ಕೆ ಪೋಷಕವಾಗಿದ್ದುದರಿಂದ ಅದಕ್ಕೆ ವೆಸ್ಲಿ ಗಿಲ್ಡ್ ಆಸ್ಪತ್ರೆ ಎಂದೇ ಹೆಸರಾಯಿತು.

ಈ ಕಾರ್ಯದಲ್ಲಿ ಮತಪ್ರಸಾರದ ಉದ್ದೇಶವೂ ಭೂತದಯೆಯೂ ಬೆರೆತಿದ್ದವೆಂಬುದರಲ್ಲಿ ಸಂದೇಹವಿಲ್ಲ. ಇವೆರಡರಲ್ಲಿ ಯಾವುದು ಮುಖ್ಯವೆಂಬ ಚರ್ಚೆಯು ಮಿಷನ್ನುಗಳ ಒಳಗೂ ಹೊರಗೂ ಬಹುಕಾಲ ನಡೆದಿತ್ತು. ಶಿಶುರಕ್ಷಣೆಯ ದೃಷ್ಟಿಯಿಂದ ಹೆಚ್ಚು ಗಮನಿಸಬೇಕಾದ ಸಂಗತಿಯು ಬೇರೊಂದು. ಸರ್ಕಾರದ ಆಸ್ಪತ್ರೆಗಳು ಮೊದಮೊದಲು ಅಧಿಕಾರಿಗಳಿರುವ ಪಟ್ಟಣಗಳಲ್ಲಿ, ಸೈನಿಕರಿಗೂ ನೌಕರರಿಗೂ ಅನುಕೂಲವಾಗುವಂತೆ ಏರ್ಪಟ್ಟವು. ಮಿಷನ್ ಆಸ್ಪತ್ರೆಗಳಾದರೋ ಒಳನಾಡಿನ ಊರುಗಳಲ್ಲಿ ಹುಟ್ಟಿದವು. ಅವುಗಳಿಗೆ ಬರುತ್ತಿದ್ದವರಲ್ಲಿ ಹೆಂಗಸರೂ ಮಕ್ಕಳೂ ಬಹುಮಂದಿ. ಅಲ್ಲಿಯ ವೈದ್ಯರು ಹಲವು ವರ್ಷ ಒಂದೇ ಊರಿನಲ್ಲಿ ನೆಲಸಿ, ಆ ನಾಡಿನ ಭಾಷೆಯನ್ನು ಕಲಿತು, ಒಂದೇ ಮನೆತನದ ಮಕ್ಕಳನ್ನು ಒಬ್ಬರಾದ ಮೇಲೆ ಒಬ್ಬರಂತೆ ನೋಡುತ್ತಿದ್ದರು. ಹೀಗೆ ನೋಡಿದವರಿಗೆ ಮಾತ್ರ ಕಾಣುವ ಒಂದು ಸತ್ಯವಿತ್ತು: ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಹೋದ ಮಗು ಕೆಲವು ತಿಂಗಳುಗಳಲ್ಲಿ ಅದೇ ಸ್ಥಿತಿಯಲ್ಲಿ ಮರಳಿ ಬರುತ್ತಿದ್ದಿತು, ಇಲ್ಲವೆ ಎಂದಿಗೂ ಬರುತ್ತಿರಲಿಲ್ಲ.

೨. ಇಲೇಷಾ ಮತ್ತು ಇಮೆಸಿ

ಇಲೇಷಾ ನಗರವು ನೈಜೀರಿಯಾದ ನೈಋತ್ಯಭಾಗದಲ್ಲಿ, ಕೋಕೋ ಬೆಳೆಯುವ ಪ್ರದೇಶದಲ್ಲಿದೆ. ಯೊರುಬಾ ಜನಾಂಗದ ಒಂದು ಶಾಖೆಯಾದ ಇಜೇಷಾ ಜನರಿಗೆ ಇದು ಮುಖ್ಯಸ್ಥಾನ. ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗನಾದ ಡಾಕ್ಟರ್ ಡೇವಿಡ್ ಮಾರ್ಲಿ (೧೯೨೩–೨೦೦೯) ೧೯೫೬ರಲ್ಲಿ ಇಲ್ಲಿಯ ಆಸ್ಪತ್ರೆಗೆ ಮಕ್ಕಳ ವೈದ್ಯರಾಗಿ ಬಂದರು. ನೈಜೀರಿಯಾವು ಆಗ ಬ್ರಿಟಿಷರ ಆಳಿಕೆಯಲ್ಲಿದ್ದಿತು. ಅದು ಸ್ವತಂತ್ರವಾದುದು ೧೯೬೦ರ ಅಕ್ಟೋಬರ್ ೧ರಂದು.

ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಪ್ರತಿದಿನವೂ ನೆರೆಯುತ್ತಿದ್ದ ತಾಯಂದಿರು ಅಸಂಖ್ಯರು, ವೈದ್ಯರು ಬೆರಳೆಣಿಕೆಯವರು. ಒಂದೊಂದು ಮಗುವಿಗೆ ದೊರೆಯುತ್ತಿದ್ದ ಕಾಲವು ನಿಮಿಷಗಳ ಲೆಕ್ಕದ್ದು. ಇಷ್ಟಾದರೂ ಆಸ್ಪತ್ರೆಗೆ ಬರುವವರು ರೋಗಿಗಳಲ್ಲಿ ಅಲ್ಪಭಾಗವೇ ಆಗಿದ್ದರು. ಹಳ್ಳಿಯಲ್ಲಿ ಮಕ್ಕಳು ಯಾವ ಕಾಲದಲ್ಲಿ, ಯಾವ ಕಾರಣದಿಂದ ಕ್ಷೀಣಿಸುತ್ತಾರೆಂಬುದನ್ನು ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು ತಿಳಿಯುವುದು ಸಾಧ್ಯವಿರಲಿಲ್ಲ. ಆದುದರಿಂದ ಇಲೇಷಾದ ಉತ್ತರಕ್ಕೆ ಗುಡ್ಡಗಳ ನಡುವೆ ಇರುವ ಇಮೆಸಿ-ಇಲೆ ಎಂಬ ಊರಿನಲ್ಲಿ ಒಂದು ದೀರ್ಘಾವಧಿಯ ಪರಿಶೀಲನೆಯು ಆರಂಭವಾಯಿತು. ಅಲ್ಲಿ ಹುಟ್ಟಿದ ಮಕ್ಕಳ ಒಂದು ಗುಂಪನ್ನು ಹುಟ್ಟಿನಿಂದ ಐದು ವರ್ಷದ ವರೆಗೆ ಬಿಡದೆ ಹಿಂಬಾಲಿಸಿ, ತೂಕವನ್ನೂ ಕಾಯಿಲೆಗಳನ್ನೂ ಬರೆದಿಡಲಾಯಿತು. ಆರೋಗ್ಯವಂತ ಮಗುವನ್ನು ವೈದ್ಯನು ನೋಡಬೇಕೆಂಬ ಭಾವನೆಯೇ ಆ ಕಾಲದ ಒಳನಾಡಿಗೆ ಹೊಸದು. ಈ ಪರಿಶೀಲನೆಯಿಂದ ದೊರೆತ ತಿಳಿವಳಿಕೆಯೇ ಮುಂದಣ ಎಲ್ಲ ಕೆಲಸಕ್ಕೂ ತಳಹದಿಯಾಯಿತು.

೩. ಮಕ್ಕಳ ಮರಣಕ್ಕೆ ಕಾರಣಗಳು

ಯೊರುಬಾ ಜನರಲ್ಲಿ ‘ಅಬಿಕು’ ಎಂಬ ಒಂದು ನಂಬಿಕೆಯಿದೆ. ಒಂದೇ ಚೇತನವು ಒಬ್ಬಳೇ ತಾಯಿಯ ಹೊಟ್ಟೆಯಲ್ಲಿ ಮತ್ತೆ ಮತ್ತೆ ಹುಟ್ಟಿ, ಮತ್ತೆ ಮತ್ತೆ ಸತ್ತು ಅವಳನ್ನು ಕಾಡುತ್ತದೆಂಬುದು ಅದರ ಅರ್ಥ. ಅಂಥ ಮಗುವನ್ನು ಇಹಲೋಕದಲ್ಲಿ ಉಳಿಸಿಕೊಳ್ಳುವುದಕ್ಕಾಗಿ ಅದಕ್ಕೆ ‘ಮಾಲೊಮೊ’—ಇನ್ನು ಹೋಗಬೇಡ—ಎಂದೂ, ‘ಕೊಕುಮೊ’—ಇನ್ನು ಸಾಯದು—ಎಂದೂ ಹೆಸರಿಡುತ್ತಾರೆ. ಕನ್ನಡನಾಡಿನಲ್ಲಿಯೂ ಮಕ್ಕಳು ಉಳಿಯದ ಮನೆಯವರು ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ, ತಿಪ್ಪಿ ಎಂದು ಕರೆಯುತ್ತಿದ್ದ ವಾಡಿಕೆಯನ್ನು ಇದರೊಡನೆ ಹೋಲಿಸಬಹುದು. ಎರಡು ಕಡೆಯೂ ಹೆಸರಿನ ಹಿಂದೆ ಇರುವುದು ಸತ್ತ ಮಕ್ಕಳ ಲೆಕ್ಕವೇ. ಹಾಗೆ ಮನೆಯೊಂದರಲ್ಲಿ ಸಾವುಗಳು ಮರುಕಳಿಸುವುದಕ್ಕೆ ವಂಶಪರಂಪರೆಯಾಗಿ ಬರುವ ಕುಡಗೋಲು ಆಕಾರದ ರಕ್ತಕಣಗಳ ರೋಗವೂ ಒಂದು ಕಾರಣವಾಗಿರಬಹುದೆಂದು ಆಧುನಿಕ ವೈದ್ಯರು ಊಹಿಸಿದ್ದಾರೆ.

ಆದರೆ ಬಹುಸಂಖ್ಯೆಯ ಮರಣಗಳಿಗೆ ಕಾರಣಗಳು ಸಾಮಾನ್ಯವಾದವೇ: ಅತಿಸಾರ, ನ್ಯುಮೋನಿಯಾ, ಮಲೇರಿಯಾ, ದಡಾರ, ನಾಯಿಕೆಮ್ಮು, ಹೊಕ್ಕುಳ ಗಾಯದಿಂದ ಬರುವ ಧನುರ್ವಾಯು, ಇವೆಲ್ಲದರ ಅಡಿಯಲ್ಲಿ ಆಹಾರದ ಕೊರತೆ. ಈ ಕೊರತೆಯು ಉಂಟಾಗುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ಯೊರುಬಾ ತಾಯಿಯು ಮಗುವಿಗೆ ಎರಡು ವರ್ಷಕ್ಕೂ ಮೇಲ್ಪಟ್ಟು ಎದೆಹಾಲು ಕೊಡುತ್ತಿದ್ದಳು. ಮೊದಲ ಆರು ತಿಂಗಳು ಮಗು ಚೆನ್ನಾಗಿಯೇ ಬೆಳೆಯುತ್ತಿದ್ದಿತು. ಅನಂತರ ಹಾಲಿನ ಜೊತೆಗೆ ಕೊಡುತ್ತಿದ್ದ ಆಹಾರವೆಂದರೆ ‘ಓಗಿ’. ಮೆಕ್ಕೆಜೋಳವನ್ನು ಕೆಲವು ದಿನ ನೆನೆಹಾಕಿ, ಅರೆದು, ಸೋಸಿ, ತಳದಲ್ಲಿ ನಿಂತ ಹಿಟ್ಟನ್ನು ನೀರಿನಲ್ಲಿ ಕಾಯಿಸಿ ಮಾಡುವ ಹುಳಿಗಂಜಿಯಿದು. ಸೋಸುವಾಗ ಕಾಳಿನ ಪುಷ್ಟಿಯ ಅಂಶವು ಬಹಳ ಮಟ್ಟಿಗೆ ಹೊರಟುಹೋಗುತ್ತದೆ. ಉಳಿದ ಹಿಟ್ಟು ಕಾಯಿಸಿದಾಗ ಬಹಳ ನೀರನ್ನು ಹೀರಿ ಉಬ್ಬುತ್ತದೆ. ಮಗುವಿನ ಪುಟ್ಟ ಹೊಟ್ಟೆಯು ತುಂಬುತ್ತದೆ, ಆದರೆ ದೇಹಕ್ಕೆ ಬೇಕಾದ ಶಕ್ತಿಯೂ ಮಾಂಸವರ್ಧಕ ದ್ರವ್ಯವೂ ದೊರೆಯುವುದಿಲ್ಲ. ಹಸಿದ ಮಗು ಅಳುವುದು ಸಹಜ; ಹೊಟ್ಟೆ ತುಂಬಿದ ಮಗು ಅಳುವುದಿಲ್ಲ. ಆದುದರಿಂದ ಈ ಹಸಿವು ತಾಯಿಗೆ ತಿಳಿಯುವ ಬಗೆಯಿಲ್ಲ.

ಕೊರತೆಯು ಮುಂದುವರಿದಾಗ ಕೆಲವು ಮಕ್ಕಳಲ್ಲಿ ಕಾಲು ಮುಖಗಳು ಊದಿಕೊಂಡು, ಕೂದಲು ಬಣ್ಣಗೆಟ್ಟು, ಚರ್ಮವು ಸುಲಿದು, ಮಗು ಜಡವಾಗುತ್ತದೆ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯರು ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಈ ರೋಗವನ್ನು ೧೯೩೩ರಲ್ಲಿ ವರ್ಣಿಸಿ, ೧೯೩೫ರಲ್ಲಿ ಅಲ್ಲಿಯ ಗಾ ಭಾಷೆಯ ‘ಕ್ವಾಷಿಯೋರ್ಕರ್’ ಎಂಬ ಹೆಸರನ್ನೇ ವೈದ್ಯಶಾಸ್ತ್ರಕ್ಕೆ ತಂದರು. ಅವರು ಮಿಷನ್ನಿನವರಲ್ಲ, ಸರ್ಕಾರದ ನೌಕರಿಯಲ್ಲಿದ್ದವರು. ಮುಂದಿನ ಕೂಸು ಹುಟ್ಟಿದಾಗ ತನ್ನ ಸ್ಥಾನವನ್ನು ಕಳೆದುಕೊಂಡ ಮಗುವಿಗೆ ಬರುವ ಕಾಯಿಲೆ ಎಂಬುದು ಆ ಶಬ್ದದ ಭಾವ. ರೋಗದ ಕಾರಣವನ್ನು ಆ ಜನರು ಶಾಸ್ತ್ರಜ್ಞರಿಗಿಂತ ಮೊದಲೇ ಅರಿತಿದ್ದರೆಂಬುದಕ್ಕೆ ಈ ಹೆಸರೇ ಸಾಕ್ಷಿ.

೪. ಐದು ವರ್ಷದೊಳಗಿನ ಮಕ್ಕಳ ಚಿಕಿತ್ಸಾಲಯ

ಇಲೇಷಾದಲ್ಲಿ ಕಂಡುಕೊಂಡ ಮೊದಲನೆಯ ಪರಿಹಾರವು ವ್ಯವಸ್ಥೆಗೆ ಸಂಬಂಧಿಸಿದುದು. ಇಂಗ್ಲೆಂಡಿನಲ್ಲಿ ಆರೋಗ್ಯವಾದ ಕೂಸುಗಳನ್ನು ತೂಗಿ ಬುದ್ಧಿ ಹೇಳುವ ಸ್ಥಳವೇ ಬೇರೆ, ರೋಗಿಯಾದ ಮಗುವಿಗೆ ಔಷಧ ಕೊಡುವ ಸ್ಥಳವೇ ಬೇರೆ. ಈ ಭೇದವನ್ನು ವಸಾಹತುಗಳಿಗೂ ಹಾಗೆಯೇ ತಂದಿದ್ದರು. ಬಹುದೂರ ನಡೆದು ಬಂದ ತಾಯಿಗೆ ಇದು ಅರ್ಥವಾಗುವಂತಹುದಲ್ಲ. ಕೆಮ್ಮಿಗೆ ಔಷಧವಿಲ್ಲದ ಕಡೆಗೆ ಅವಳು ಬರುವುದಿಲ್ಲ. ಔಷಧವನ್ನು ಮಾತ್ರ ಕೊಡುವ ಕಡೆಯಲ್ಲಿ ಊಟದ ವಿಚಾರವನ್ನು ಯಾರೂ ಎತ್ತುವುದಿಲ್ಲ. ಆದುದರಿಂದ ಮಾರ್ಲಿಯವರೂ ಅವರ ಸಹೋದ್ಯೋಗಿಗಳೂ ಈ ಎರಡನ್ನೂ ಒಂದೇ ಸೂರಿನಡಿಗೆ ತಂದರು. ಐದು ವರ್ಷದೊಳಗಿನ ಮಗು ಯಾವ ಕಾರಣಕ್ಕೆ ಬಂದರೂ ಸರಿ, ಅದನ್ನು ತೂಗುವುದು, ಕಾಯಿಲೆಯಿದ್ದರೆ ಮದ್ದು ಕೊಡುವುದು, ಲಸಿಕೆಗಳನ್ನು ಹಾಕುವುದು, ಮಲೇರಿಯಾ ತಡೆಯುವ ಔಷಧವನ್ನು ಕೊಡುವುದು, ಆಹಾರದ ವಿಷಯವಾಗಿ ತಾಯಿಯೊಡನೆ ಮಾತನಾಡುವುದು—ಇವಿಷ್ಟೂ ಒಂದೇ ಭೇಟಿಯಲ್ಲಿ ನಡೆಯಬೇಕೆಂದು ಗೊತ್ತುಮಾಡಿದರು.

ಎರಡನೆಯ ಪರಿಹಾರವು ಮನುಷ್ಯಬಲದ್ದು. ಸಾಮಾನ್ಯ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ಮಾಡುವ ಅಧಿಕಾರವನ್ನು ಅಲ್ಲಿಯ ದಾದಿಯರಿಗೇ ಕೊಡಲಾಯಿತು. ಮಗುವಿನ ಉಸಿರಾಟವು ಎಷ್ಟು ವೇಗವಾಗಿದೆ, ಕಣ್ಣು ಒಳಕ್ಕೆ ಹೋಗಿದೆಯೆ, ಚರ್ಮವನ್ನು ಹಿಡಿದು ಬಿಟ್ಟರೆ ಕೂಡಲೇ ಸಮವಾಗುತ್ತದೆಯೆ ಎಂಬಂತಹ ಲಕ್ಷಣಗಳನ್ನು ನೋಡಿ ನಿರ್ಧರಿಸುವುದಕ್ಕೆ ಅವರಿಗೆ ಶಿಕ್ಷಣ ದೊರೆಯಿತು. ಅವರ ಶಕ್ತಿಗೆ ಮೀರಿದ ಮಕ್ಕಳನ್ನು ಮಾತ್ರ ವೈದ್ಯರು ನೋಡುತ್ತಿದ್ದರು. ವೈದ್ಯವೃತ್ತಿಯ ಹಕ್ಕನ್ನು ಹೀಗೆ ಹಂಚಿಕೊಡುವುದನ್ನು ಒಪ್ಪದವರು ಆ ಕಾಲದಲ್ಲಿ ಅನೇಕರಿದ್ದರು. ಆದರೆ ಯೊರುಬಾ ದಾದಿಗೆ ತಾಯಿಯ ಮಾತು ತಿಳಿಯುತ್ತಿತ್ತು. ಅವಳ ಮನೆಯ ಒಲೆಯ ಮೇಲೆ ಏನಿದೆಯೆಂಬುದೂ ಗೊತ್ತಿದ್ದಿತು. ಓಗಿಗೆ ಹುರಿದು ಪುಡಿಮಾಡಿದ ನೆಲಗಡಲೆಯನ್ನೋ ಬೇಯಿಸಿ ಅರೆದ ಅಲಸಂದೆಯನ್ನೋ ಬೆರೆಸೆಂದು ಅವಳು ಹೇಳಿದಾಗ ಅದಕ್ಕಿದ್ದ ಬೆಲೆಯು ಪರದೇಶದ ವೈದ್ಯನು ಹೇಳಿದ ಮಾತಿಗೆ ಇರಲಾರದು.

೫. ಪಟದ ರಚನೆ

ಮೂರನೆಯ ಪರಿಹಾರವೇ ಬೆಳವಣಿಗೆಯ ಪಟ. ಮಗುವಿನ ತೂಕವನ್ನು ಬರೆದಿಡುವುದು ಹೊಸತಲ್ಲ. ಯೂರೋಪಿನ ಆಸ್ಪತ್ರೆಗಳಲ್ಲಿ ಅದು ಹತ್ತೊಂಬತ್ತನೆಯ ಶತಮಾನದಿಂದಲೇ ನಡೆದುಬಂದಿದೆ. ಮಾರ್ಲಿಯವರ ಪಟದಲ್ಲಿ ಹೊಸತಾಗಿದ್ದವು ಮೂರು ಅಂಶಗಳು.

ಮೊದಲನೆಯದು, ತಿಂಗಳುಗಳ ಜೋಡಣೆ. ಪಟದ ಅಡಿಯಲ್ಲಿ ಐದು ವರ್ಷಗಳಿಗೆ ತಿಂಗಳಿಗೊಂದರಂತೆ ಚೌಕಗಳಿವೆ. ಮಗು ಹುಟ್ಟಿದ ತಿಂಗಳನ್ನು ಮೊದಲನೆಯ ಚೌಕದಲ್ಲಿ ಬರೆದು, ಮುಂದಿನ ತಿಂಗಳುಗಳನ್ನು ಅನುಕ್ರಮವಾಗಿ ತುಂಬಿಬಿಟ್ಟರೆ ಆ ಮಗುವಿಗೇ ಮೀಸಲಾದ ಒಂದು ಪಂಚಾಂಗವು ಸಿದ್ಧವಾಗುತ್ತದೆ. ಆಮೇಲೆ ಪ್ರತಿ ಸಲವೂ ವಯಸ್ಸನ್ನು ಲೆಕ್ಕಹಾಕುವ ಕಷ್ಟವಿಲ್ಲ. ಈ ತಿಂಗಳ ಚೌಕದ ನೇರಕ್ಕೆ ತೂಕದ ಚುಕ್ಕೆಯನ್ನಿಟ್ಟರೆ ಸಾಕು. ಹುಟ್ಟಿದ ದಿನವು ಬರೆವಣಿಗೆಯಲ್ಲಿಲ್ಲದ ಊರಿನಲ್ಲಿ ಇದು ಸಣ್ಣ ಸೌಕರ್ಯವಲ್ಲ. ಜನ್ಮಮಾಸವು ನೆನಪಿಲ್ಲದಿದ್ದರೆ ಹಬ್ಬ, ಬಿತ್ತನೆ, ಗೆಣಸಿನ ಸುಗ್ಗಿ ಮುಂತಾದವುಗಳನ್ನು ಕೇಳಿ ಗೊತ್ತುಮಾಡುತ್ತಿದ್ದರು.

ಎರಡನೆಯದು, ಆರೋಗ್ಯದ ಹಾದಿ. ಪಟದ ಮೇಲೆ ಓರೆಯಾಗಿ ಏರುವ ಎರಡು ಗೆರೆಗಳಿವೆ. ಮುಂದೆ ಬಹುವಾಗಿ ಪ್ರಚಾರಕ್ಕೆ ಬಂದ ರೂಪದಲ್ಲಿ ಮೇಲಿನ ಗೆರೆಯು ಚೆನ್ನಾಗಿ ಬೆಳೆದ ಗಂಡುಮಕ್ಕಳ ಮಧ್ಯಮ ತೂಕವನ್ನೂ, ಕೆಳಗಿನದು ಹೆಣ್ಣುಮಕ್ಕಳಲ್ಲಿ ನೂರಕ್ಕೆ ಮೂವರು ಮಾತ್ರ ಅದಕ್ಕಿಂತ ಕಡಿಮೆ ತೂಗುವಂತಹ ಮಿತಿಯನ್ನೂ ಸೂಚಿಸುತ್ತವೆ. ಈ ಎರಡರ ನಡುವಣ ದಾರಿಯನ್ನು ಮಾರ್ಲಿಯವರು ಆರೋಗ್ಯದ ಹಾದಿಯೆಂದು ಕರೆದರು. ಅಕ್ಷರ ಬಾರದ ತಾಯಿಗೂ ದಾರಿಯೆಂದರೇನೆಂಬುದು ತಿಳಿಯುತ್ತದೆ. ಮಗು ದಾರಿಯಲ್ಲಿ ಮುಂದೆ ಸಾಗುತ್ತಿದೆಯೆ, ನಿಂತಿದೆಯೆ, ಜಾರುತ್ತಿದೆಯೆ ಎಂಬುದು ಕಣ್ಣಿಗೇ ಕಾಣುತ್ತದೆ.

ಇಲ್ಲಿ ಮುಖ್ಯವಾದುದು ಚುಕ್ಕೆಯ ಸ್ಥಾನವಲ್ಲ, ಗೆರೆಯ ದಿಕ್ಕು. ಸಾಮಾನ್ಯವಾಗಿ ಹುಟ್ಟುವಾಗ ೩ ಕಿಲೋಗ್ರಾಂ ತೂಗುವ ಕೂಸು ಐದಾರು ತಿಂಗಳಿಗೆ ಅದರ ಇಮ್ಮಡಿ, ಒಂದು ವರ್ಷಕ್ಕೆ ಮುಮ್ಮಡಿ ತೂಗುತ್ತದೆ. ಒಂದು ವರ್ಷದ ಎರಡು ಮಕ್ಕಳಿವೆಯೆಂದು ಭಾವಿಸಬಹುದು. ಒಂದು ೯ ಕಿಲೋಗ್ರಾಂ ತೂಗುತ್ತದೆ, ಆದರೆ ಮೂರು ತಿಂಗಳಿಂದ ಅದರ ತೂಕವು ಏರಿಲ್ಲ. ಇನ್ನೊಂದು ಏಳೂವರೆ ಕಿಲೋಗ್ರಾಂ ಮಾತ್ರ ತೂಗುತ್ತದೆ, ಆದರೆ ತಿಂಗಳು ತಿಂಗಳೂ ತಪ್ಪದೆ ಏರುತ್ತಿದೆ. ಒಂದೇ ಸಲ ತೂಗಿ ನೋಡುವವನು ಎರಡನೆಯದನ್ನೇ ರೋಗಿಯೆನ್ನುವನು. ಪಟವನ್ನು ಓದಬಲ್ಲವನಿಗಾದರೋ ಅಪಾಯದಲ್ಲಿರುವುದು ಮೊದಲನೆಯದೆಂಬುದು ತಿಳಿಯುತ್ತದೆ. ಕಣ್ಣಿಗೆ ಕಾಣುವಷ್ಟು ಬಡಕಲಾಗುವುದಕ್ಕೆ ತಿಂಗಳುಗಳ ಮೊದಲೇ ಮಗುವಿನ ಗೆರೆಯು ಮಟ್ಟಸವಾಗಿರುತ್ತದೆ. ಆಗ ಒಂದು ಹಿಡಿ ಬೇಳೆ, ಒಂದು ಚಮಚ ಎಣ್ಣೆಯಿಂದ ಆಗುವ ಕೆಲಸವು ಆಮೇಲೆ ಆಸ್ಪತ್ರೆಯ ವಾರಗಳಿಂದಲೂ ಆಗದೆ ಹೋಗಬಹುದು. ಸುತ್ತಣ ಮಕ್ಕಳೆಲ್ಲರೂ ಸಣ್ಣವರೇ ಆಗಿರುವ ಊರಿನಲ್ಲಿ ತಾಯಿಯು ಕೇವಲ ನೋಟದಿಂದ ಇದನ್ನು ತಿಳಿಯಲಾರಳು. ಆದರೆ ತೂಕಕ್ಕೂ ಒಂದು ಮಿತಿಯುಂಟು: ಕ್ವಾಷಿಯೋರ್ಕರ್ ಬಂದ ಮಗುವಿನ ಮೈಯಲ್ಲಿ ನೀರು ನಿಂತು ತೂಕವು ಹೆಚ್ಚಿದಂತೆ ತೋರುವುದರಿಂದ, ಕಾಲಿನ ಊತವನ್ನು ಒತ್ತಿ ನೋಡದೆ ತೂಕವನ್ನು ಮಾತ್ರ ನಂಬಬಾರದು.

ಮೂರನೆಯದು, ಪಟವು ಇರುವ ಸ್ಥಳ. ಅದನ್ನು ಆಸ್ಪತ್ರೆಯ ಕಪಾಟಿನಲ್ಲಿಡದೆ, ಪ್ಲಾಸ್ಟಿಕ್ ಚೀಲವೊಂದರಲ್ಲಿ ಹಾಕಿ ತಾಯಿಯ ಕೈಗೇ ಕೊಟ್ಟರು. ಕಳೆದುಬಿಡುವರೆಂಬ ಶಂಕೆಯು ಸುಳ್ಳಾಯಿತು. ಆಸ್ಪತ್ರೆಯ ಕಡತಗಳಿಗಿಂತ ತಾಯಂದಿರ ಪಟಗಳೇ ಹೆಚ್ಚು ಭದ್ರವಾಗಿ ಉಳಿದವು. ಮಗುವನ್ನು ಯಾವ ಚಿಕಿತ್ಸಾಲಯಕ್ಕೆ ಒಯ್ದರೂ ಅದರ ಪೂರ್ವಚರಿತ್ರೆಯು ಜೊತೆಯಲ್ಲಿಯೇ ಹೋಗುತ್ತಿದ್ದಿತು. ವಿಶೇಷ ಎಚ್ಚರಿಕೆಗೆ ಕಾರಣಗಳೆಂಬ ಒಂದು ಭಾಗವೂ ಅದರಲ್ಲಿದ್ದಿತು. ಹುಟ್ಟುವಾಗ ತೂಕ ಕಡಿಮೆಯಿದ್ದುದು, ಅವಳಿಮಕ್ಕಳು, ಒಡಹುಟ್ಟಿದವರು ಸತ್ತಿರುವುದು ಮುಂತಾದವನ್ನು ಅಲ್ಲಿ ಬರೆಯುತ್ತಿದ್ದರು. ಲೋಕದಲ್ಲಿ ಅವಳಿಗಳು ಅತ್ಯಧಿಕವಾಗಿ ಹುಟ್ಟುವುದು ಯೊರುಬಾ ಜನರಲ್ಲಿಯೇ ಆದುದರಿಂದ ಈ ಸೂಚನೆಯು ಅಲ್ಲಿ ವಿಶೇಷವಾಗಿ ಅಗತ್ಯವಾಗಿದ್ದಿತು.

೬. ದಡಾರದ ವಿಚಾರ

ಪಟಗಳನ್ನು ಕೂಡಿಸಿ ನೋಡಿದಾಗ ಹೊರಪಟ್ಟ ಒಂದು ಮುಖ್ಯ ಸಂಗತಿಯು ದಡಾರಕ್ಕೆ ಸಂಬಂಧಿಸಿದುದು. ಸಂಪನ್ನ ದೇಶಗಳ ವೈದ್ಯರು ದಡಾರವನ್ನು ಬಾಲ್ಯದ ಸಹಜವಾದ ಕಾಯಿಲೆಯೆಂದು ಎಣಿಸುತ್ತಿದ್ದರು. ಪಶ್ಚಿಮ ಆಫ್ರಿಕದಲ್ಲಿ ಅದು ಎಳೆಯ ವಯಸ್ಸಿನಲ್ಲಿಯೇ ಬಂದು, ಬಾಯಿ ಹುಣ್ಣಾಗಿ ಮಗು ಎದೆಹಾಲನ್ನೂ ಕುಡಿಯಲಾರದೆ, ಭೇದಿ, ನ್ಯುಮೋನಿಯಾಗಳು ಕೂಡಿಕೊಂಡು, ಕೆಲವು ಮಕ್ಕಳ ಕಣ್ಣಿನ ಪಾಪೆಯೇ ಕರಗಿ ಹೋಗುತ್ತಿದ್ದಿತು. ಪಟದ ಮೇಲೆ ದಡಾರದ ತಿಂಗಳಲ್ಲಿ ಗೆರೆಯು ಕಡಿದಾಗಿ ಇಳಿಯುತ್ತಿದ್ದಿತು. ಹಿಂದಿನ ತೂಕಕ್ಕೆ ಬರಲು ಹಲವು ವಾರಗಳು ಹಿಡಿಯುತ್ತಿದ್ದವು. ಅಷ್ಟರೊಳಗೆ ಇನ್ನೊಂದು ಕಾಯಿಲೆ ಬಂದರೆ ಮಗು ಉಳಿಯುವುದೇ ಕಷ್ಟವಾಗುತ್ತಿದ್ದಿತು. ಕರ್ಣಾಟಕದಲ್ಲಿಯೂ ದಡಾರವನ್ನು ‘ಅಮ್ಮ’ ಬಂದುದೆಂದು ಭಾವಿಸಿ ಪಥ್ಯವನ್ನು ಕಟ್ಟುನಿಟ್ಟಾಗಿ ಆಚರಿಸುತ್ತಿದ್ದುದನ್ನು ನೆನೆದರೆ, ಕ್ಷೀಣಿಸುತ್ತಿರುವ ಮಗುವಿಗೆ ಆಹಾರವನ್ನು ಕಡಿಮೆಮಾಡುವುದರ ಅಪಾಯವು ಎರಡು ನಾಡುಗಳಿಗೂ ಸಮಾನವೆಂಬುದು ಗೊತ್ತಾಗುತ್ತದೆ.

ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಎಂಡರ್ಸರ ಪ್ರಯೋಗಾಲಯದಲ್ಲಿ ಆಗತಾನೆ ದಡಾರದ ಲಸಿಕೆಯು ಸಿದ್ಧವಾಗಿದ್ದಿತು. ಅದರ ಅಗತ್ಯವು ಅಮೆರಿಕದ ಮಕ್ಕಳಿಗಿಂತ ಹೆಚ್ಚಾಗಿ ತಮ್ಮ ಮಕ್ಕಳಿಗಿದೆಯೆಂದು ಮಾರ್ಲಿಯವರು ತಿಳಿಸಿದರು. ೧೯೬೦ರಲ್ಲಿ ಎಂಡರ್ಸರ ಸಹೋದ್ಯೋಗಿಯಾದ ಸ್ಯಾಮ್ಯುಅಲ್ ಕಾಟ್ಸ್ ನೈಜೀರಿಯಾಕ್ಕೆ ಬಂದು, ಮಕ್ಕಳ ಒಂದು ಸಣ್ಣ ಗುಂಪಿನಲ್ಲಿ ಲಸಿಕೆಯನ್ನು ಪರೀಕ್ಷಿಸಿದರು. ಪುಷ್ಟಿಯಿಲ್ಲದ ಮಕ್ಕಳಲ್ಲಿಯೂ ಅದು ರಕ್ಷಣೆಯನ್ನುಂಟುಮಾಡಬಲ್ಲುದೆಂಬ ಭರವಸೆ ದೊರೆಯಿತು. ೧೯೬೩ರಲ್ಲಿ ಲಸಿಕೆಗೆ ಅಮೆರಿಕದಲ್ಲಿ ಅನುಮತಿಯಾಯಿತು. ಭಾರತದಲ್ಲಿ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದೊಡನೆ ಬಂದುದು ೧೯೮೫ರಲ್ಲಿ. ಎಂದರೆ ಇಪ್ಪತ್ತೆರಡು ವರ್ಷಗಳ ಮೇಲೆ.

೭. ಪಟದ ಪ್ರಸಾರ

ಮಾರ್ಲಿಯವರು ೧೯೬೧ರಲ್ಲಿ ಇಂಗ್ಲೆಂಡಿಗೆ ಮರಳಿ, ಲಂಡನ್ನಿನ ಶಿಶು ಆರೋಗ್ಯ ಸಂಸ್ಥೆಯಲ್ಲಿ ಹಲವು ದೇಶಗಳ ವೈದ್ಯರಿಗೂ ದಾದಿಯರಿಗೂ ಬೋಧಿಸಿದರು. ಶಿಕ್ಷಣದ ಉಪಕರಣಗಳನ್ನು ಅಲ್ಪಬೆಲೆಗೆ ಒದಗಿಸುವ ಸಂಸ್ಥೆಯೊಂದನ್ನು ೧೯೬೫ರಲ್ಲಿ ಆರಂಭಿಸಿದರು. ಅತಿಸಾರದ ಮಗುವಿಗೆ ಕೊಡುವ ನೀರಿಗೆ ಸಕ್ಕರೆಯನ್ನೂ ಉಪ್ಪನ್ನೂ ಅಳೆಯುವ ಎರಡು ತುದಿಗಳ ಪ್ಲಾಸ್ಟಿಕ್ ಚಮಚವು ಅವರ ಮತ್ತೊಂದು ಕಲ್ಪನೆ. ೧೯೭೩ರಲ್ಲಿ ಪ್ರಕಟವಾದ ಅವರ ಗ್ರಂಥವು ಅಭಿವೃದ್ಧಿಶೀಲ ದೇಶಗಳ ಶಿಶುವೈದ್ಯಕ್ಕೆ ಆದ್ಯತೆಗಳನ್ನು ಗೊತ್ತುಪಡಿಸಿ, ಹಲವು ವರ್ಷ ಪ್ರಮಾಣಗ್ರಂಥವಾಗಿದ್ದಿತು.

ಇದೇ ಕಾಲದಲ್ಲಿ ಮಿಷನ್ನುಗಳ ಒಳಗೂ ಆತ್ಮಪರೀಕ್ಷೆಯು ನಡೆದಿತ್ತು. ಮಿಷನ್ ವೈದ್ಯರ ಶ್ರಮವೂ ಹಣವೂ ಬಹುಮಟ್ಟಿಗೆ ಆಸ್ಪತ್ರೆಯ ಗೋಡೆಗಳೊಳಗೇ ವ್ಯಯವಾಗುತ್ತಿವೆ, ಬೇನೆಯಾದರೋ ಹೊರಗೆ ಹುಟ್ಟುತ್ತಿದೆ ಎಂಬ ವಿಚಾರವು ೧೯೬೪ರ ಟ್ಯೂಬಿಂಗೆನ್ ಸಮಾಲೋಚನೆಯಲ್ಲಿ ಚರ್ಚೆಗೆ ಬಂದಿತು. ೧೯೬೮ರಲ್ಲಿ ಕ್ರೈಸ್ತ ವೈದ್ಯ ಆಯೋಗವು ಏರ್ಪಟ್ಟಿತು. ವೆಲ್ಲೂರಿನಲ್ಲಿ ಕಲಿತ ರಾಜ್ ಮತ್ತು ಮೇಬಲ್ ಆರೊಳೆ ದಂಪತಿಗಳು ೧೯೭೦ರಲ್ಲಿ ಮಹಾರಾಷ್ಟ್ರದ ಜಾಮಖೇಡದಲ್ಲಿ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಸೇವಕಿಯರನ್ನಾಗಿ ತರಬೇತುಗೊಳಿಸಿದರು. ಇಂತಹ ಪ್ರಯೋಗಗಳ ಅನುಭವವು ೧೯೭೮ರಲ್ಲಿ ಆಲ್ಮಾ-ಆಟಾದಲ್ಲಿ ನಡೆದ ಪ್ರಾಥಮಿಕ ಆರೋಗ್ಯ ಸಮ್ಮೇಳನದ ಹಿನ್ನೆಲೆಯಲ್ಲಿತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಸರ್ವದೇಶಗಳಿಗೂ ಉಪಯುಕ್ತವಾದ ಬೆಳವಣಿಗೆಯ ಪಟವನ್ನು ಪ್ರಕಟಿಸಿತು. ಭಾರತದಲ್ಲಿ ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ೩೩ ಕ್ಷೇತ್ರಗಳಲ್ಲಿ ಆರಂಭವಾದಾಗ ಕರ್ಣಾಟಕದಿಂದ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು ಆಯ್ಕೆಯಾಯಿತು. ಅಂಗನವಾಡಿಯ ತೂಕದ ಪಟವು ಕನ್ನಡನಾಡಿಗೆ ಬಂದ ಬಗೆ ಇದು. ೨೦೦೬ರಲ್ಲಿ, ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು ಸಿದ್ಧಪಡಿಸಿದ ಹೊಸ ಮಾನಗಳು ಹೊರಬಂದವು. ಗಂಡುಹೆಣ್ಣುಮಕ್ಕಳಿಗೆ ಬೇರೆಬೇರೆ ಪಟಗಳಾದವು.

ಇಲೇಷಾದ ಆಸ್ಪತ್ರೆಯು ೧೯೭೦ರ ದಶಕದಲ್ಲಿ ಮಿಷನ್ನಿನ ಕೈಯಿಂದ ಸರ್ಕಾರದ ಕೈಗೆ ಹೋಗಿ, ಇಂದು ಇಲೆ-ಇಫೆಯ ವಿಶ್ವವಿದ್ಯಾನಿಲಯದ ಬೋಧನಾಸ್ಪತ್ರೆಗಳ ಸಮುದಾಯಕ್ಕೆ ಸೇರಿದೆ.

೮. ವಿಮರ್ಶೆ

ಈ ಪದ್ಧತಿಯ ಫಲವನ್ನು ಅಳೆಯುವಾಗ ಎರಡು ಸಂಗತಿಗಳನ್ನು ಪ್ರತ್ಯೇಕಿಸಬೇಕು. ಇಮೆಸಿಯಲ್ಲಿ ಎಳೆಯ ಮಕ್ಕಳ ಮರಣವು ಗಣನೀಯವಾಗಿ ಇಳಿದುದು ನಿಜ. ಆದರೆ ಅಲ್ಲಿ ಇದ್ದುದು ಪಟವೊಂದೇ ಅಲ್ಲ; ಔ‌ಷಧ, ಲಸಿಕೆ, ಮಲೇರಿಯಾ ನಿವಾರಣೆ, ಭಾಷೆ ಬಲ್ಲ ದಾದಿ, ಅಗತ್ಯಬಿದ್ದಾಗ ತೆರೆದಿರುವ ಆಸ್ಪತ್ರೆ ಇವೆಲ್ಲವೂ ಇದ್ದವು. ಪಟವು ಬೇರೆ ದೇಶಗಳಿಗೆ ಹೋದಾಗ ಹಲವು ಕಡೆ ಅದರ ಜೊತೆಗಾರರು ಹಿಂದೆಯೇ ಉಳಿದರು. ಕೆಲಸದವಳು ತೂಗುತ್ತಾಳೆ, ಚುಕ್ಕೆಯಿಡುತ್ತಾಳೆ, ಮುಂದಿನ ಮಗುವನ್ನು ಕರೆಯುತ್ತಾಳೆ. ಗೆರೆಯು ಇಳಿದಿದ್ದರೂ ತಾಯಿಯೊಡನೆ ಮಾತನಾಡುವುದಕ್ಕೆ ಹೊತ್ತಿಲ್ಲ, ಹೇಳುವುದಕ್ಕೆ ಉಪಾಯವಿಲ್ಲ.

ದಕ್ಷಿಣ ಭಾರತದ ಹಳ್ಳಿಗಳಲ್ಲಿ ನಡೆದು ೧೯೯೩ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಕೆಲವು ಹಳ್ಳಿಗಳಲ್ಲಿ ಆರೋಗ್ಯಸೇವೆಯ ಜೊತೆಗೆ ಬೆಳವಣಿಗೆಯ ಪಟವನ್ನೂ, ಕೆಲವು ಹಳ್ಳಿಗಳಲ್ಲಿ ಪಟವಿಲ್ಲದೆ ಅದೇ ಸೇವೆಯನ್ನೂ ಒದಗಿಸಿ ಹೋಲಿಸಿದಾಗ ಮಕ್ಕಳ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವು ಕಾಣಲಿಲ್ಲ. ಇದಕ್ಕೆ ಪ್ರತಿಯಾಗಿ, ೧೯೮೦ರಲ್ಲಿ ತಮಿಳುನಾಡಿನಲ್ಲಿ ಆರಂಭವಾದ ಪೌಷ್ಟಿಕ ಯೋಜನೆಯಲ್ಲಿ ಪಟಕ್ಕೆ ಒಂದು ಖಚಿತವಾದ ಕೆಲಸವಿದ್ದಿತು: ಮಗುವಿನ ಗೆರೆಯು ಏರದೆ ನಿಂತರೆ ಅಂಥ ಮಗುವಿಗೆ ಗೊತ್ತಾದ ಅವಧಿಯ ವರೆಗೆ ಪೂರಕ ಆಹಾರವನ್ನು ಕೊಡಬೇಕು, ಏರತೊಡಗಿದಾಗ ನಿಲ್ಲಿಸಬೇಕು. ಅಲ್ಲಿ ತೂಕವು ಒಂದು ಕ್ರಿಯೆಗೆ ಕಾರಣವಾಗುತ್ತಿದ್ದಿತು.

ಈ ಎರಡು ನಿದರ್ಶನಗಳೂ ಒಂದನ್ನೊಂದು ಖಂಡಿಸುವುದಿಲ್ಲ. ತಕ್ಕಡಿಯು ಯಾವ ಮಗುವನ್ನೂ ಬೆಳೆಸುವುದಿಲ್ಲ. ಬೆಳವಣಿಗೆ ನಿಂತ ಮಗುವನ್ನು ಅದು ತೋರಿಸಿಕೊಡುತ್ತದೆ. ತೋರಿದ ಮೇಲೆ ಏನು ಮಾಡಬೇಕೆಂಬುದು ಗೊತ್ತಿರುವ ಕಡೆಯಲ್ಲಿ ಮಾತ್ರ ಪಟಕ್ಕೆ ಅರ್ಥವಿದೆ. ಇಲೇಷಾದ ದಾದಿಯು ಗೆರೆಯು ಮಟ್ಟಸವಾದುದನ್ನು ಕಂಡಾಗ ಮಗುವಿಗೆ ಜ್ವರವಿತ್ತೆ, ತಾಯಿಯು ಮತ್ತೆ ಬಸುರಿಯೆ, ಮನೆಯಲ್ಲಿ ನೆಲಗಡಲೆಯಿದೆಯೆ, ಮಗುವಿಗೆ ಉಣಿಸುವವರು ಯಾರು ಎಂದು ಕೇಳುತ್ತಿದ್ದಳು. ಪಟವು ಆ ಮಾತುಕತೆಗೆ ಸಾಧನವಾಗಿದ್ದಿತು. ಅದರ ಬದಲಿಗೆ ನಿಲ್ಲುವಂತಹುದಾಗಿರಲಿಲ್ಲ.

ಆಯುರ್ವೇದದ ಎಂಟು ಅಂಗಗಳಲ್ಲಿ ‘ಕೌಮಾರಭೃತ್ಯ’ವೆಂದು ಒಂದನ್ನು ಹೇಳಿದ್ದಾರೆ. ಬಾಲಕರ ರೋಗಚಿಕಿತ್ಸೆಯಷ್ಟೇ ಅಲ್ಲದೆ ಅವರ ಭರಣಪೋಷಣೆಯೂ ಆ ಶಬ್ದದಲ್ಲಿ ಅಡಕವಾಗಿದೆ. ಚಿಕಿತ್ಸೆಯನ್ನೂ ಪೋಷಣೆಯನ್ನೂ ಬೇರ್ಪಡಿಸಿದ ವೈದ್ಯಪದ್ಧತಿಯಲ್ಲಿ ಕಲಿತುಬಂದ ಮಿಷನ್ ವೈದ್ಯರು ಒಳನಾಡಿನ ಅನುಭವದಿಂದ ಆ ಎರಡನ್ನೂ ಮತ್ತೆ ಕೂಡಿಸಿದರೆಂಬುದೇ ಅವರ ಕಾರ್ಯದ ಹಿರಿಮೆ. ಇಂದು ಕರ್ಣಾಟಕದಲ್ಲಿ ತೂಕವು ತಾಯಿ ಕಾರ್ಡಿನಲ್ಲಿಯೂ, ೨೦೨೧ರಿಂದೀಚೆಗೆ ಅಂಗನವಾಡಿ ಕಾರ್ಯಕರ್ತೆಯ ಮೊಬೈಲಿನಲ್ಲಿಯೂ ದಾಖಲಾಗುತ್ತಿದೆ. ಮೊಬೈಲಿನಲ್ಲಿ ಸೇರಿದ ಅಂಕಿಯು ಕ್ಷಣದಲ್ಲಿ ರಾಜಧಾನಿಯನ್ನು ಮುಟ್ಟಬಲ್ಲುದು. ಅದು ಅದೇ ದಿನ, ಅದೇ ಜಗಲಿಯ ಮೇಲೆ ಕುಳಿತಿರುವ ತಾಯಿಯನ್ನೂ ಮುಟ್ಟುವಂತೆ ನೋಡಿಕೊಳ್ಳುವುದೇ ಇಲೇಷಾದ ಪ್ರಯೋಗದಿಂದ ಕಲಿಯಬೇಕಾದ ಮುಖ್ಯವಾದ ಪಾಠ.